ಒಂಬತ್ತನೇ ಆಳು

ಆ ಚೀಟಿಯಲ್ಲಿ ಎರಡು ತಪ್ಪು ಬರೆದಿದ್ದರು. ಒಂದನ್ನು ನಾನು ಮಾಡಿದ್ದೆ. ಇನ್ನೊಂದನ್ನು ಮಾಡಿಲ್ಲ ಎಂದು ಹೇಳಲಿಕ್ಕೆ ಹತ್ತು ತಿಂಗಳು ಶಿಕಾರಿಪುರದ ಕೋರ್ಟಿಗೆ ತಿರುಗಿದೆ.

ನಮ್ಮದು ಕುಬಟೂರು. ನನ್ನದೊಂದು ಸಣ್ಣ ಗೂಡ್ಸ್ ಗಾಡಿ. ಬೆಳಿಗ್ಗೆ ಐದೂವರೆಗೆ ಹೊರಟು ಸುತ್ತಲಿನ ಹಳ್ಳಿಗಳ ಡೈರಿಗಳಿಂದ ಹಾಲಿನ ಕ್ಯಾನ್ ಎತ್ತಿ, ಹಾಲು ತಣ್ಣಗೆ ಮಾಡುವ ಕೇಂದ್ರಕ್ಕೆ ಮುಟ್ಟಿಸುವುದು ನನ್ನ ರೂಟು. ಅದಾದ ಮೇಲೆ ಸಿಕ್ಕ ಬಾಡಿಗೆ ಓಡಿಸುತ್ತಿದ್ದೆ. ಹೆಂಡತಿಗೆ ತವರಿನಿಂದ ಬಂದ ಎರಡು ಎಕರೆ ಗದ್ದೆ ಅಂಜನಾಪುರದ ಕಾಲುವೆ ಕೆಳಗಿದೆ. ಅಲ್ಲಿ ನಾಟಿಗೆ ಆಳು ಸಿಗುವುದಿಲ್ಲ. ಹಾಗಾಗಿ ನಮ್ಮ ಕೇರಿಯ ಹೆಂಗಸರೇ ಮುಯ್ಯಾಳಾಗಿ ಬರುತ್ತಾರೆ. ಇವತ್ತು ಅವರು ನಮ್ಮ ಗದ್ದೆಗೆ ಒಂದು ದಿನ ದುಡಿದರೆ, ನಾಳೆ ನಮ್ಮ ಮನೆಯವರು ಅವರ ಗದ್ದೆಗೆ ಒಂದು ದಿನ ದುಡಿಯಬೇಕು. ಕೂಲಿಯ ಮಾತಿಲ್ಲ.

ಆ ದಿನ ಹಾಲಿನ ಕ್ಯಾನ್ ಇಳಿಸಿ, ಗಾಡಿ ತೊಳೆದು, ಒಂಬತ್ತು ಜನ ಹೆಂಗಸರನ್ನು ಹಿಂದೆ ಹತ್ತಿಸಿಕೊಂಡೆ. ಹೆಂಡತಿ ಅಡಿಗೆ ಮಾಡಲಿಕ್ಕೆಂದು ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಶಿರಾಳಕೊಪ್ಪ ದಾಟಿ ಶಿಕಾರಿಪುರ ಇನ್ನೇನು ಬಂತು ಅನ್ನುವಾಗ ರಸ್ತೆಯಲ್ಲಿ ತಪಾಸಣೆ. ಎಎಸ್‌ಐ ಒಬ್ಬರು ಕೈ ಅಡ್ಡ ಹಿಡಿದರು.

“ಎಲ್ಲಿಗ್ರೀ ಇದು ಜಾತ್ರಿ?”

“ನಾಟಿಗೆ ಸರ್. ನಮ್ಮ ಗದ್ದೆಗೇ.”

“ಗೂಡ್ಸ್ ಗಾಡಿಲಿ ಜನ ತುಂಬಬಾರ್ದು ಅಂತ ಗೊತ್ತಿಲ್ಲೇನು?”

ಗೊತ್ತಿತ್ತು. ಗೊತ್ತಿಲ್ಲ ಎಂದು ಸುಳ್ಳು ಹೇಳಲಿಲ್ಲ. ಅವರು ಲೈಸೆನ್ಸ್ ಇಸಿದುಕೊಂಡರು, ಗಾಡಿಯನ್ನು ಠಾಣೆಗೆ ಹಾಕಿಸಿದರು, ಚೀಟಿ ಕೊಟ್ಟರು. ಹೆಂಗಸರು ಬಯ್ದುಕೊಳ್ಳುತ್ತ ಇಳಿದು, ಬಸ್ ಹಿಡಿದು ಗದ್ದೆಗೆ ಹೋದರು. ನಾನು ಅಲ್ಲೇ ಠಾಣೆಯ ಕಟ್ಟೆಯ ಮೇಲೆ ಕೂತು ಚೀಟಿ ಓದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಓದುವುದು ನಿಧಾನ, ಆದರೆ ಬಿಡದೆ ಓದುತ್ತೇನೆ. ಸರಕು ಗಾಡಿಯಲ್ಲಿ ಮಿತಿಗಿಂತ ಹೆಚ್ಚು ಜನರನ್ನು ಕೂರಿಸಿದ್ದು ಒಂದು. ‘ಬಾಡಿಗೆ ಪಡೆದು ಪ್ರಯಾಣಿಕರನ್ನು ಸಾಗಿಸಿದ್ದು’ ಎರಡು.

ಎರಡನೆಯದನ್ನು ಮೂರು ಸಲ ಓದಿದೆ. ನನ್ನ ಗಾಡಿಗೆ ನನ್ನ ಗದ್ದೆಯ ಮುಯ್ಯಾಳುಗಳು ಹತ್ತಿದ್ದಕ್ಕೆ ನಾನು ಬಾಡಿಗೆ ತಗೊಂಡೆನಂತೆ.

ಕೋರ್ಟಿನ ಎದುರಿಗೆ ಜೆರಾಕ್ಸ್ ಅಂಗಡಿ, ಅದರ ಮಹಡಿಯ ಮೇಲೆ ಒಬ್ಬ ವಕೀಲರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಚೀಟಿ ನೋಡಿ, “ಒಪ್ಪಿಕೊಂಡು ದಂಡ ಕಟ್ಟಿಬಿಡ್ರಿ, ಮಧ್ಯಾಹ್ನದೊಳಗೆ ಮನೀಲಿ ಇರ್ತೀರಿ” ಎಂದರು.

“ಎರಡನೇದು ನಾನು ಮಾಡಿಲ್ಲ ಸರ್.”

“ಮಾಡಿರೋರೆಲ್ಲ ಅದನ್ನೇ ಹೇಳ್ತಾರೆ. ಇರ್ಲಿ, ಕೂತ್ಕಳ್ರಿ.”

ಕೂರಿಸಿಕೊಂಡು ಅವರು ಬಿಡಿಸಿ ಹೇಳಿದ್ದು ಇಷ್ಟು. ಜನ ಕೂರಿಸಿದ್ದು ಸಣ್ಣ ತಪ್ಪು, ದಂಡದಲ್ಲಿ ಮುಗಿಯುತ್ತದೆ. ಬಾಡಿಗೆ ಅಂತ ಆದರೆ ಅದು ಪರ್ಮಿಟ್ ಮುರಿದ ಹಾಗೆ. ಕಾಗದ ಆರ್‌ಟಿಓ ಕಚೇರಿಗೆ ಹೋಗಿ ಲೈಸೆನ್ಸ್ ಮೂರು ತಿಂಗಳು ಅಮಾನತು ಆಗಬಹುದು. ಮೂರು ತಿಂಗಳು ಎಂದು ಅವರು ಸಲೀಸಾಗಿ ಹೇಳಿದರು. ಹಾಲು ಮೂರು ದಿನವೂ ಕಾಯುವುದಿಲ್ಲ. ಗಾಡಿ ಯಾರದೋ ಅವನೇ ಓಡಿಸಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು ಎಂಬುದು ರೂಟಿನ ಕರಾರು. ಒಂದು ವಾರ ನಾನಿಲ್ಲದಿದ್ದರೆ ಆ ಜಾಗಕ್ಕೆ ನಾಲ್ಕು ಗಾಡಿ ಸಾಲಾಗಿ ನಿಂತಿರುತ್ತವೆ.

“ಹಂಗಾದ್ರೆ ಒಂದನ್ನ ಒಪ್ತೀನಿ, ಒಂದನ್ನ ಒಪ್ಪಲ್ಲ” ಎಂದೆ.

ವಕೀಲರು ನಕ್ಕರು. “ಅರ್ಧ ತಪ್ಪೊಪ್ಪಿಗೆ. ಆಗ್ಲಿ, ಅದೂ ಒಂದು ನೋಡೇಬಿಡಾಣ.” ವಕಾಲತ್ತಿಗೆ ರುಜು ಹಾಕಿಸಿಕೊಂಡರು. ಬಾಂಡ್ ಬರೆದುಕೊಟ್ಟು, ಆರ್‌ಸಿ, ಇನ್ಶೂರೆನ್ಸ್ ತೋರಿಸಿ ಗಾಡಿ ಬಿಡಿಸಿಕೊಂಡೆ. ಲೈಸೆನ್ಸ್ ಮಾತ್ರ ಕೋರ್ಟಿನಲ್ಲೇ ಉಳಿಯಿತು. ಅದರ ಬದಲಿಗೆ ಕೊಟ್ಟ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಾಲು ಸಾಗಿಸಿದೆ. ರಸೀದಿಯ ಅಕ್ಷರ ಬಿಸಿಲಿಗೆ ಮಾಸುವ ಜಾತಿಯದು. ದಸರೆಗೆ ಮುಂಚೆಯೇ ನನ್ನ ಹೆಸರು ಮಸುಕಾಯಿತು, ದೀಪಾವಳಿ ಹೊತ್ತಿಗೆ ನಂಬರೂ ಹೋಯಿತು. ಮೊದಲೇ ಮಾಡಿಸಿದ್ದ ಜೆರಾಕ್ಸ್ ಒಂದಿತ್ತು, ಅದರಲ್ಲೇ ಉಳಿದೆ.

ಮೊದಲನೇ ವಾಯಿದೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದೆ. ಹೆಗಲ ಮೇಲಿನ ಟವೆಲ್ಲನ್ನು ಬಾಗಿಲಲ್ಲೇ ಜವಾನ ತೆಗೆಸಿದ. ಆ ದಿನ ಗಾಡಿ ಕೇಸುಗಳೇ ಇಪ್ಪತ್ತರ ಮೇಲಿದ್ದವು. ಹೆಸರು ಕೂಗುವುದು, ಕಟಕಟೆ ಹತ್ತುವುದು, “ತಪ್ಪು ಒಪ್ಪಿಕೊಳ್ತೀರಾ?” “ಒಪ್ಪಿಕೊಂಡೆ ಮೇಡಂ”, ಇಳಿಯುವುದು. ಹೆಲ್ಮೆಟ್ ಇಲ್ಲದವರು, ಮೂರು ಜನ ಕೂತವರು, ಇನ್ಶೂರೆನ್ಸ್ ಇಲ್ಲದವರು, ಎಲ್ಲ ಒಂದೇ ರಾಗ. ಬೆಂಚ್ ಕ್ಲರ್ಕು ತಲೆ ಎತ್ತದೆ ಬರೆಯುತ್ತಿದ್ದರು. ನನ್ನ ಸರದಿ ಬಂತು.

“ಜನ ಕೂರಿಸಿದ್ದು ಹೌದು ಮೇಡಂ. ಬಾಡಿಗೆ ತಗೊಂಡಿಲ್ಲ.”

ಬೆಂಚ್ ಕ್ಲರ್ಕು ತಲೆ ಎತ್ತಿದರು. ನ್ಯಾಯಾಧೀಶರು ಹೆಣ್ಣುಮಗಳು, ಈ ಸೀಮೆಯವರಲ್ಲ. “ಕೇಸ್ ನಡೆಸಿದರೆ ತುಂಬಾ ದಿನ ಓಡಾಡಬೇಕಾಗುತ್ತೆ, ಗೊತ್ತಲ್ವಾ?” ಎಂದು ಮೆತ್ತಗೆ ಕೇಳಿದರು.

“ಓಡಾಡ್ತೀನಿ ಮೇಡಂ.”

ಹಿಂದಿನ ಬೆಂಚಿನಲ್ಲಿ ಯಾರೋ, “ಇವ ಯಾರಪ್ಪಾ, ಹರಿಶ್ಚಂದ್ರನ ಮೊಮ್ಮಗ” ಎಂದದ್ದು ಕೇಳಿಸಿತು. ಕೇಳಿಸಲಿ ಎಂದೇ ಅಂದದ್ದು. ದಂಡ ಕಟ್ಟುವುದು ಬೇರೆ, ಮಾಡದ ತಪ್ಪಿಗೆ ರುಜು ಹಾಕುವುದು ಬೇರೆ. ಅದನ್ನು ಅವನಿಗೆ ತಿರುಗಿ ಹೇಳುವ ಜಾಗ ಅದಾಗಿರಲಿಲ್ಲ.

ಆಮೇಲಿನ ವಾಯಿದೆಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂದು ಸಲ ನ್ಯಾಯಾಧೀಶರು ರಜೆ. ಎರಡು ಸಲ ಎಎಸ್‌ಐ ಬಂದೋಬಸ್ತಿಗೆ ಹೋಗಿದ್ದರು. ಒಂದು ಸಲ ವಕೀಲರೆಲ್ಲ ಕೋರ್ಟು ಬಹಿಷ್ಕರಿಸಿದ್ದರು. ಪ್ರತಿ ಸಲವೂ ನಾನು ಹಾಲು ಇಳಿಸಿ, ಮೈ ತೊಳೆದು, ಬಸ್ಸಿನಲ್ಲಿ ನಿಂತು ಬರುವುದು. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಕೇಸಿನ ನಂಬರು ಹುಡುಕುವುದು. ಮಧ್ಯಾಹ್ನ ಹೆಸರು ಕೂಗಿದಾಗ ಓಡುವುದು. ಮುಂದಿನ ದಿನಾಂಕ ಬರೆದುಕೊಂಡು ಇಳಿಯುವುದು. ಕೋರ್ಟಿನ ದಿನ ಬಾಡಿಗೆ ಬಂದರೆ ಬೇರೆಯವರ ಪಾಲು. ವಕೀಲರು ಎರಡು ಸಲ ಲೋಕ ಅದಾಲತ್ತಿಗೆ ಹಾಕೋಣವೇ ಎಂದು ಕೇಳಿದರು. ಅಲ್ಲಿಯೂ ಒಪ್ಪಿಕೊಂಡೆ ಎಂದೇ ಬರೆಯಬೇಕು ಎಂದು ತಿಳಿದ ಮೇಲೆ ಬೇಡವೆಂದೆ.

“ಈ ಹಟಕ್ಕೆ ಕಳೆದ ದಿನ ಬಾಡಿಗೆ ಓಡಿಸಿದ್ರೆ ಗಾಡಿ ಲೋನಿನ ಎರಡು ಕಂತು ತೀರ್ತಿತ್ತು ಬಿಡ್ರಿ” ಎಂದು ಅವರು ಹಂಗಿಸಿದರು. ಆದರೂ ಕೇಸು ಬಿಡಲಿಲ್ಲ. ಅವರಿಗೂ ಅಷ್ಟೊತ್ತಿಗೆ ರುಚಿ ಹತ್ತಿತ್ತು.

ಬೇಸಿಗೆ ಶುರುವಾಗುವಾಗ ಎಎಸ್‌ಐ ಸಾಕ್ಷಿಗೆ ಬಂದರು. ಪಾಪ, ಅವರಿಗೆ ನನ್ನ ಮುಖವೂ ನೆನಪಿರಲಿಲ್ಲ. ನಮ್ಮ ವಕೀಲರು ಪಾಟೀ ಸವಾಲಿಗೆ ಎದ್ದರು.

“ಹಣ ಕೊಟ್ಟಿದ್ದನ್ನ ಕಣ್ಣಾರೆ ನೋಡಿದ್ರಾ?”

“ಇಲ್ಲ ಸರ್.”

“ಹೆಂಗಸರು ಯಾರಾದ್ರೂ ಬಾಡಿಗೆ ಕೊಟ್ಟಿದೀವಿ ಅಂದ್ರಾ?”

“ಕೇಳಿರ್ಲಿಲ್ಲ ಸರ್.”

“ಮತ್ತೆ ಬಾಡಿಗೆ ಅಂತ ಹೆಂಗೆ ಬರದ್ರಿ?”

“ಒಂಬತ್ತು ಮಂದಿನ ಅಷ್ಟು ದೂರ ಪುಕ್ಕಟೆ ಯಾರ್ ಸರ್ ಕರ್ಕೊಂಡ್ ಹೋಗ್ತಾರೆ ಈ ಕಾಲದಾಗೆ?”

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರೂ ತುಟಿ ಬಿಗಿಹಿಡಿದರು. ಹೊರಗೆ ಬಂದ ಮೇಲೆ ವಕೀಲರು ನನ್ನ ಬೆನ್ನು ತಟ್ಟಿ, ಕೇಸು ಅರ್ಧ ಮುರಿದುಬಿತ್ತು, ಇನ್ನು ನಮ್ಮ ಕಡೆಯಿಂದ ಹೆಂಗಸರಲ್ಲಿ ಒಬ್ಬರು ಬಂದು ಬಾಡಿಗೆ ಕೊಟ್ಟಿಲ್ಲ ಎಂದರೆ ಸಾಕು ಎಂದರು. ಹತ್ತು ತಿಂಗಳಲ್ಲಿ ಅವತ್ತು ಒಂದು ದಿನ ನಾನು ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿಂದೆ.

ಮುಂದಿನ ವಾಯಿದೆಗೆ ಆರೋಪಿಯ ಹೇಳಿಕೆ, ಅಂದರೆ ನನ್ನದು. ಪ್ರಮಾಣ ಮಾಡಿಯೇ ಹೇಳುತ್ತೇನೆ ಎಂದೆ. ಆರೋಪಿಯ ಹೇಳಿಕೆಗೆ ಪ್ರಮಾಣ ಇಲ್ಲ, ಅದು ಸಾಕ್ಷಿಗಳಿಗೆ ಎಂದರು. ಇರಲಿ ಎಂದು ನಿಂತಲ್ಲಿಂದಲೇ ಹೇಳಿದೆ: “ಮುಯ್ಯಾಳುಗಳಿಂದ ನಾನು ಏನನ್ನೂ ತಗೊಂಡಿಲ್ಲ. ದುಡ್ಡೂ ಇಲ್ಲ, ಕಾಸೂ ಇಲ್ಲ, ಒಂದು ಹಿಡಿ ಕಾಳೂ ಇಲ್ಲ.” ಮೇಡಂ ಅದನ್ನು ಹಾಗೆಯೇ ಬರೆಸಿದರು.

ಸಾಕ್ಷಿಗೆ ಯಾರನ್ನು ಕರೆಯುವುದು ಎಂಬುದರಲ್ಲಿ ನನಗೆ ಎರಡನೇ ಯೋಚನೆ ಇರಲಿಲ್ಲ. ನಾಟಿ ಗುಂಪಿಗೆ ಒಬ್ಬಳು ಹಿರಿಯಾಕೆ ಇದ್ದಾಳೆ, ಅವತ್ತು ಗಾಡಿಯಲ್ಲೂ ಇದ್ದವಳು. ಅರವತ್ತು ದಾಟಿದೆ. ಸಸಿ ಹಿಡಿದರೆ ಈಗಲೂ ಹಗ್ಗ ಹಿಡಿದಂಥ ಸಾಲು. ಯಾರ ಮನೆಗೆ ಎಷ್ಟು ಆಳು ಹೋಗಿದೆ, ಎಷ್ಟು ಬರಬೇಕು ಎಂಬುದೆಲ್ಲ ಅವಳ ಬಾಯಲ್ಲೇ. ಅವಳು ಹೇಳಿದ ಮೇಲೆ ಕೇರಿಯಲ್ಲಿ ಎರಡನೇ ಮಾತಿಲ್ಲ. ಕೇಳಿದಾಗ, “ನೋಡಿದ್ದು ಹೇಳಾಕೆ ಏನಾ ತಮ್ಮಾ ಹೆದರಿಕೆ” ಎಂದು ಒಪ್ಪಿದಳು. ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ನಾನು ಟಿಕೆಟ್ ತೆಗೆಯಲಿಕ್ಕೆ ಹೋದರೆ ಕೈ ತಳ್ಳಿ, ತನ್ನ ಆಧಾರ್ ಕಾರ್ಡ್ ತೋರಿಸಿ ತನ್ನ ಸೊನ್ನೆ ರೂಪಾಯಿಯ ಟಿಕೆಟ್ ತಾನೇ ಇಸಿದುಕೊಂಡಳು.

ಕಟಕಟೆ ಹತ್ತಿ ದೇವರ ಮೇಲೆ ಪ್ರಮಾಣ ಮಾಡಿದಳು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಚೊಕ್ಕವಾಗಿ ಹೇಳಿದಳು. ಗದ್ದೆ ಇವನದೇ. ನಾವು ಮುಯ್ಯಿಗೆ ಹೋಗಿದ್ದು. ಬಾಡಿಗೆ ಕೊಟ್ಟಿಲ್ಲ. ವಕೀಲರು ನನ್ನ ಕಡೆ ನೋಡಿ ಕೂತರು.

ಸರ್ಕಾರಿ ವಕೀಲರು ಎದ್ದರು. ವಯಸ್ಸಾದವರು, ಮನೆಯಲ್ಲಿ ಬೇಸಾಯ ಇದ್ದವರು ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಫೈಲನ್ನು ಕೂಡ ತೆರೆಯಲಿಲ್ಲ.

“ಅಲ್ಲವ್ವಾ, ಕುಬಟೂರಿಂದ ಅಂಜನಾಪುರ ಅಂದ್ರೆ ಹತ್ತಿರ ಅಲ್ಲ. ಅಷ್ಟು ದೂರ ಇವರ ಗಾಡಿಲಿ ಪುಕ್ಕಟೆ ಹೊಂಟಿದ್ರಾ?”

ಹಿರಿಯಾಕೆ ನೆಟ್ಟಗಾದಳು.

“ಪುಕ್ಕಟೆ ಯಾಕೆ ಹೋಗಾಣ? ನಮಗೇನು ಗತಿ ಇಲ್ವಾ?”

“ಮತ್ತೆ?”

“ಗಾಡಿಗೂ ಒಂದು ಆಳು ಹಿಡಿದೀವಿ. ಮುಂಚೆ ಎತ್ತಿನ ಜೋಡಿ ಬಂದ್ರೆ ಎರಡು ಆಳು ಅಂತ ಹಿಡೀತಿರ್ಲಿಲ್ವಾ, ಹಂಗೆ.”

ನ್ಯಾಯಾಧೀಶರು ಪೆನ್ನು ನಿಲ್ಲಿಸಿದರು. “ಹಾಗಂದರೆ ಏನಮ್ಮಾ? ನನಗೆ ಅರ್ಥ ಆಗೋ ಹಾಗೆ ಹೇಳಿ.”

ಹಿರಿಯಾಕೆ ಅವರ ಕಡೆ ತಿರುಗಿ, ಚಿಕ್ಕವರಿಗೆ ಹೇಳಿಕೊಡುವಂತೆ ಬೆರಳು ಮಡಿಸಿ ಹೇಳಿದಳು. “ನಾವು ಒಂಬತ್ತು ಆಳು ಹೋದ್ವಾ? ಅವನ ಮನೆಯಿಂದ ನಮಗೆ ತಿರುಗಿ ಒಂಬತ್ತು ಬರ್ಬೇಕು. ಬರಾದು ಎಂಟೇ. ಒಂಬತ್ತನೇದು ಗಾಡಿ ಬಾಬ್ತು ವಜಾ. ನಮ್ಮನೆ ಪಾಲಿಂದೇ ವಜಾ ಹಾಕಿಸಿದ್ದು. ಯಾರ ಹಂಗೂ ನಮಗೆ ಬ್ಯಾಡ.”

ಸರ್ಕಾರಿ ವಕೀಲರು, “ಇಷ್ಟೇ ಮೇಡಂ” ಎಂದು ಕೂತುಬಿಟ್ಟರು. ಅವರ ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ.

ಆ ಲೆಕ್ಕ ನಾನು ಕೇಳಿದ್ದು ಅದೇ ಮೊದಲು. ನಾಟಿಯ ಮುಯ್ಯಿ ಹೆಂಗಸರ ವ್ಯವಹಾರ. ಯಾರ ಆಳು ಯಾವತ್ತು ಎಂದು ಅವರೇ ಹಿತ್ತಿಲ ಬಾಗಿಲಲ್ಲಿ ನಿಂತು ತೀರ್ಮಾನಿಸುತ್ತಾರೆ. ಗಂಡಸರು ಕೇಳುವುದಿಲ್ಲ, ಕೇಳಿದರೆ ಹೆಂಗಸರು ನಗುತ್ತಾರೆ. ಹತ್ತು ತಿಂಗಳಲ್ಲಿ ವಕೀಲರನ್ನು ಕೇಳಿದ್ದೆ, ಬೆಂಚ್ ಕ್ಲರ್ಕನ್ನು ಕೇಳಿದ್ದೆ, ಜೆರಾಕ್ಸ್ ಅಂಗಡಿಯವನ ಸಲಹೆಯನ್ನೂ ಕೇಳಿದ್ದೆ. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಏನನ್ನೂ ತಗೊಂಡಿಲ್ಲ, ಒಂದು ಹಿಡಿ ಕಾಳೂ ಇಲ್ಲ ಎಂದು ಬರೆಸಿದ್ದೆ. ನನ್ನ ಮನೆಗೆ ಒಂದು ಇಡೀ ದಿನದ ದುಡಿಮೆ ಬಂದು ಸೇರಿತ್ತು.

ನಮ್ಮ ವಕೀಲರು ಮೇಡಂ ಹತ್ತಿರ ಐದು ನಿಮಿಷ ಕೇಳಿಕೊಂಡು ನನ್ನನ್ನು ಮೊಗಸಾಲೆಗೆ ಎಳೆದೊಯ್ದರು. ಮುಖ ಕೆಂಪಾಗಿತ್ತು.

“ಇನ್ನೂ ದಾರಿ ಐತಿ. ನಾನು ಮತ್ತೆ ಎರಡು ಪ್ರಶ್ನೆ ಕೇಳ್ತೀನಿ. ವಯಸ್ಸಾಗೇತಿ, ಯಾವುದೋ ವರ್ಷದ್ದು ಇನ್ಯಾವುದಕ್ಕೋ ಸೇರಿಸ್ತೀರಿ ಅಲ್ವಾ ಅಂತೀನಿ. ಹೌದು ಅಂದ್ರೆ ಸಾಕು. ಇಲ್ಲ ಅಂದ್ರೆ ಆ ಗುಂಪಿನ ಇನ್ನೊಬ್ಬಾಕೀನ ಕರಸ್ರಿ, ಈ ಅಜ್ಜಿಗೆ ಮರೆವು ಅಂತ ಹೇಳ್ಲಿ. ನೀವು ಒಂದು ಮಾತು ಹೇಳಿದ್ರೆ ಬರ್ತಾರೆ.”

ಬರುತ್ತಿದ್ದರು. ಅದು ನನಗೂ ಗೊತ್ತಿತ್ತು. ಬಾಗಿಲ ಸಂದಿಯಲ್ಲಿ ಕಟಕಟೆ ಕಾಣುತ್ತಿತ್ತು. ಹಿರಿಯಾಕೆ ಕೂರು ಎಂದರೂ ಕೂರದೆ, ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. ಅವಳ ಬಾಯಲ್ಲಿ ನಮ್ಮ ಕೇರಿಯ ಮೂವತ್ತು ಮನೆಗಳ ಆಳಿನ ಲೆಕ್ಕ ಇದೆ. ಅವಳಿಗೆ ಮರೆವು ಎಂದು ಕೋರ್ಟಿನಲ್ಲಿ ಬರೆಸಿಕೊಂಡು ಬಂದರೆ ನಾಳೆ ಅವಳ ಮಾತಿಗೆ ಯಾರು ಗದ್ದೆಗಿಳಿಯುತ್ತಾರೆ?

“ಬೇಡ ಸರ್. ಅವಳು ಹೇಳಿದ್ದು ಖರೆ.”

“ಖರೆ ಇಟ್ಕೊಂಡು ಗಾಡಿ ಓಡಸ್ತೀರೇನ್ರಿ? ಲೈಸೆನ್ಸ್ ಹೋಗ್ತದ!”

“ಮಾಡದ ತಪ್ಪು ಅಂತ ಇಲ್ಲಿ ತನಕ ಬಂದೆ ಸರ್. ಮಾಡಿದ್ದೀನಿ ಅಂತ ಈಗ ಗೊತ್ತಾಯ್ತು.”

ಅವರು ಕರಿ ಕೋಟಿನ ತೋಳಿನಿಂದ ಹಣೆ ಒರೆಸಿಕೊಂಡು ಒಳಗೆ ಹೋಗಿ, ಪ್ರಶ್ನೆ ಇಲ್ಲ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಹಿರಿಯಾಕೆಗೆ ಕಿಟಕಿಯ ಸೀಟು ಸಿಕ್ಕಿತು. ಶಿರಾಳಕೊಪ್ಪ ದಾಟಿತು. ಆಮೇಲೆ ಕೇಳಿದಳು:

“ಸರಿಯಾಗಿ ಹೇಳಿದ್ನಾ ತಮ್ಮಾ? ಎಲ್ಲೂ ತಪ್ಪಲಿಲ್ಲ ಅಲ್ವಾ?”

“ಸರಿಯಾಗೇ ಹೇಳಿದೆ ಅಕ್ಕಾ.”

“ಆ ಕರಿ ಕೋಟಿನಾತ ಪುಕ್ಕಟೆ ಅಂದ ನೋಡು, ನಂಗೆ ತಡಿಯಾಕೆ ಆಗ್ಲಿಲ್ಲ” ಎಂದು ಕಿಟಕಿಯ ಹೊರಗೆ ಉಗಿದಳು.

ಮನೆಯಲ್ಲಿ ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ಕೇಳಿದೆ. ಕೈ ನಿಲ್ಲಿಸದೆ ಹೇಳಿದಳು: “ಗಾಡಿಗೆ ಒಂದು ಆಳು ಅಂತ ಗಾಡಿ ತಂದ ವರ್ಷದಿಂದಾನೂ ಐತಲ್ಲ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಜನ ಕೂರಿಸಿದ್ದಕ್ಕೆ ಕೇಸು ಅಂದಿದ್ರಿ, ಅಷ್ಟೇ ನಂಗೊತ್ತಿದ್ದು.” ಅದರಲ್ಲಿ ತಪ್ಪು ಹುಡುಕಲಿಕ್ಕೆ ಏನೂ ಇರಲಿಲ್ಲ.

ಜೂನ್ ತಿಂಗಳಲ್ಲಿ ತೀರ್ಪಾಯಿತು. ಎರಡೂ ತಪ್ಪು ಸಾಬೀತು. ಮೇಡಂ ದಂಡವನ್ನು ಆದಷ್ಟು ಕಡಿಮೆ ಮಾಡಿದರು. “ನಿಮ್ಮ ಸಾಕ್ಷಿ ಸುಳ್ಳು ಹೇಳಲಿಲ್ಲ, ಅದನ್ನೂ ಬರೆದಿದ್ದೇನೆ” ಎಂದರು. ಅದನ್ನು ಬರೆದ ಹಾಳೆಯ ನಕಲನ್ನು ನಾನು ತೆಗೆಸಲಿಲ್ಲ. ಲೈಸೆನ್ಸ್ ನನಗೆ ವಾಪಸು ಬರದೆ ಆರ್‌ಟಿಓ ಕಚೇರಿಗೆ ಹೋಯಿತು. ನೋಟೀಸು ಬಂತು, ಹೋಗಿ ನಿಂತು ಹೇಳಿಕೊಂಡೆ, ಮೂರು ತಿಂಗಳು ಅಮಾನತು ಎಂಬ ಆದೇಶ ಅಂಚೆಯಲ್ಲಿ ಬಂತು. ಮಾರನೇ ದಿನದಿಂದ ನನ್ನ ರೂಟಿಗೆ ಜಡೆ ಊರಿನ ಕಡೆಯವನ ಗಾಡಿ ಹಚ್ಚಿದರು. ಮೊದಲು ತಾತ್ಕಾಲಿಕ ಎಂದರು. ಹದಿನೈದು ದಿನಕ್ಕೆ ಕರಾರು ಅವನ ಹೆಸರಿಗಾಯಿತು. ಅವನ ಗಾಡಿ ಹೊಸದು, ಹೊತ್ತಿಗೆ ಸರಿಯಾಗಿ ಬರುತ್ತಾನೆ. ದೂರಲಿಕ್ಕೆ ಎಡೆಯಿಲ್ಲ.

ನನ್ನ ಗಾಡಿಗೆ ತಾಡಪಾಲು ಹೊದಿಸಿ ಮನೆಯ ಪಕ್ಕ ನಿಲ್ಲಿಸಿದೆ.

ಮತ್ತೆ ನಾಟಿ ಬಂತು. ಒಂದು ಬೆಳಿಗ್ಗೆ ಹಿರಿಯಾಕೆ ಬಂದು ಜಗಲಿಯ ಅಂಚಿಗೆ ಕೂತಳು. ಹೆಂಡತಿ ಬೇರೆ ಮನೆಯ ಮುಯ್ಯಿಗೆ ಹೋಗಿದ್ದಳು.

“ತಮ್ಮಾ, ಒಂದು ಮಾತು. ಕೋರ್ಟಲ್ಲಿ ಹೇಳಿ ಬಂದಾಗಿಂದ ತಲೇಲಿ ಕೊರೀತಾ ಐತೆ. ಗಾಡಿಗೆ ಒಂದು ಆಳು ವಜಾ ಅಂದಿದ್ದು ಹೌದು. ಆದ್ರೆ ಗಾಡಿ ಅವತ್ತು ನಮ್ಮನ್ನ ಗದ್ದೆಗೆ ಮುಟ್ಟಿಸ್ಲೇ ಇಲ್ವಲ್ಲಾ. ಪೊಲೀಸ್ರು ನಿಲ್ಲಿಸಿದ್ರು, ನಾವು ಬಸ್ಸಿಗೆ ಹೋದ್ವಿ, ಸಂಜೆ ಬಸ್ಸಿಗೇ ಬಂದ್ವಿ. ಮುಟ್ಟಿಸದ ಗಾಡಿಗೆ ಎಲ್ಲಿ ವಜಾ? ಆ ಒಂಬತ್ತನೇ ಆಳು ನಿಮ್ಮನೇಲೇ ಬಾಕಿ ನಿಂತೈತೆ.”

ಅವಳ ಮಾತು ಸರಿಯಾಗಿತ್ತು.

“ಯಾವತ್ತು ನಿನ್ನ ನಾಟಿ?”

“ಇವತ್ತೇ.”

ಪಂಚೆ ಎತ್ತಿ ಕಟ್ಟಿಕೊಂಡು ಅವಳ ಹಿಂದೆ ಹೋದೆ. ನಡು ಬಗ್ಗಿಸಿ ಸಸಿ ಕೀಳುವುದು, ಕಟ್ಟು ಕಟ್ಟುವುದು, ನಾಟಿಯವರಿಗೆ ಎಸೆಯುವುದು ನನ್ನ ಪಾಲಿನ ಕೆಲಸ. ಹದಿನೈದು ವರ್ಷ ಸ್ಟೇರಿಂಗ್ ಹಿಡಿದ ಬೆನ್ನು ಒಂದು ತಾಸಿಗೇ ಹಿಡಿದುಕೊಂಡಿತು. ಸಾಲಿನಲ್ಲಿದ್ದ ಹೆಂಗಸರಲ್ಲಿ ಒಬ್ಬಳು, “ಡ್ರೈವರಣ್ಣಾ, ಗೇರ್ ಹಾಕ್ರಿ, ಸಸಿ ಬರ್ತಿಲ್ಲ” ಎಂದಳು. ಎಲ್ಲರೂ ನಕ್ಕರು.

ಹಾಲಿನ ಗಾಡಿ ಖಾಲಿ ಕ್ಯಾನ್ ಹೊತ್ತು ಮೇಲಿನ ರಸ್ತೆಯಲ್ಲಿ ವಾಪಸು ಬಂತು. ನಾನು ಬರುತ್ತಿದ್ದ ಹೊತ್ತಿಗೆ ಸರಿಯಾಗಿಯೇ ಬಂತು. ತಲೆ ಎತ್ತಲಿಲ್ಲ, ಸದ್ದಿನಲ್ಲೇ ತಿಳಿಯಿತು. ಕೋರ್ಟಿನ ಕಾಗದದ ಪ್ರಕಾರ ನಾನು ಪಡೆದ ಬಾಡಿಗೆಯನ್ನು ಸಂಜೆಯವರೆಗೂ ಆ ಕೆಸರಿನಲ್ಲಿ ನಿಂತು ತಿರುಗಿ ಕೊಟ್ಟೆ.

ಕೈಕಾಲು ತೊಳೆದು ಬದುವಿಗೆ ಬಂದಾಗ ಹಿರಿಯಾಕೆ, “ಮುಗೀತು ತಮ್ಮಾ. ಇನ್ನು ನಿಮ್ಮನೇದು ಏನೂ ಬಾಕಿ ಇಲ್ಲ” ಎಂದಳು.